ಹನ್ನೊಂದು ಸಲ

ಸೊವಾಜಿಗ್ ಕೆರ್ವೆಲ್ಲಾಳ ಮೂವತ್ತನಾಲ್ಕು ವರ್ಷಗಳನ್ನು
ಒಂದೂವರೆ ಪುಟಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.
ಗುರುವಾರ ಪ್ಯಾರಿಸಿನಿಂದ ಸಮಿತಿ ಬರುತ್ತದೆ.
ಫ್ರಾನ್ಸಿನ ಮೂಗಿನ ತುದಿ, ಬ್ರಿಟಾನಿಯ ಕರಾವಳಿ,
ಇಲ್ಲಿಯ ಪ್ರಯೋಗಶಾಲೆಗೆ ನಾನು ಗ್ರಂಥಪಾಲಕ;
ಲೆಕ್ಕದಲ್ಲಿ ಗಟ್ಟಿಗ ಎಂದು ಯಾರೋ ಹೇಳಿಬಿಟ್ಟಿದ್ದಾರೆ.

ಪ್ರಬಂಧ ಐವತ್ತೆಂಟು.
ಉಲ್ಲೇಖ ಎರಡು ಸಾವಿರದ ಒಂಬೈನೂರ ಹದಿನಾಲ್ಕು.
ಎಚ್-ಸೂಚ್ಯಂಕ ಇಪ್ಪತ್ತಮೂರು. ಕೆಟ್ಟದ್ದಲ್ಲ,
ಕೊಂಡಾಡುವಂಥದ್ದೂ ಅಲ್ಲ,
ನಮ್ಮೂರ ಹವೆಯ ಹಾಗೆ.

ಈ ಎರಡು ಸಾವಿರ ಚಿಲ್ಲರೆಯಲ್ಲಿ ಅರ್ಧಕ್ಕಿಂತ ಹೆಚ್ಚು
ಒಂದೇ ಒಂದು ಟಿಪ್ಪಣಿಯ ಗಳಿಕೆ. ಎರಡು ಪುಟ.
ಕಡಲ ಅರ್ಚಿನ್ನಿನ, ಆ ಮುಳ್ಳುಚೆಂಡಿನ, ತತ್ತಿಗಂಟಿದ ಲೋಳೆಯನ್ನು
ತತ್ತಿ ಒಡೆಯದಂತೆ ಕಳೆಯುವುದು ಹೇಗೆ?
ಹಳೆಯ ನೈಲಾನ್ ಕಾಲುಚೀಲದಲ್ಲಿ ಆರು ಸಲ ಸೋಸಿ.
ಲೋಕವೆಲ್ಲ ಸೋಸಿತು.
ಓದಿದವರು ಎಷ್ಟೋ,
ಉಂಡೂ ಹೋಗಿ ಕೊಂಡೂ ಹೋದವರು ಎಷ್ಟೋ.
ಕಾಲುಚೀಲದ ಉಪಾಯ ಅವಳದಲ್ಲ,
ದೋಣಿಯ ಫಾಂಷ್‌ನದು. ಅವನ ಹೆಂಡತಿ ಏಡಿಸಾರನ್ನು
ಹಾಗೆ ಸೋಸುತ್ತಿದ್ದಳಂತೆ.
ಟಿಪ್ಪಣಿಯ ಕೊನೆಗೆ, ಇರುವೆಸಾಲಿನಂಥ ಅಕ್ಷರದಲ್ಲಿ,
ಅವನಿಗೊಂದು ಕೃತಜ್ಞತೆ ಇದೆ.
ಕೃತಜ್ಞತೆಗೆ ನಮ್ಮ ನಮೂನೆಯಲ್ಲಿ ಕಾಲಮ್ಮಿಲ್ಲ.

ಅವಳು ಮನಸ್ಸಿಟ್ಟು ಬರೆದದ್ದು ಬೇರೆ.
ಮೂರು ಚಳಿಗಾಲ, ಹೀಟರಿಲ್ಲದ ಕೋಣೆ, ತೊಂಬತ್ತೇಳರ ಪ್ರಬಂಧ:
ತಣ್ಣೀರಿನಲ್ಲಿ ಜೀವಕೋಶ, ಎರಡಾಗುವ ಮುಂಚೆ,
ನಲವತ್ತು ಸೆಕೆಂಡು ಏನೂ ಮಾಡದೆ ಇರುತ್ತದೆ.
ಅಷ್ಟೆ.
ಯಾಕಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ,
ಗೊತ್ತಿಲ್ಲ ಎಂದೇ ಬರೆದಳು.
ಕೋಶವೆಂದರೆ ಬೊಕ್ಕಸ ಎಂದುಕೊಂಡವರಿಗೆ
ಇದರಲ್ಲಿ ಏನು ಸಿಗಬೇಕು?

ಹನ್ನೊಂದು ಸಲ ಉಲ್ಲೇಖ.
ಆರು ಅವಳವೇ, ತನ್ನ ಬೆನ್ನು ತಾನೇ ತಟ್ಟಿಕೊಂಡದ್ದು;
ನಿಯಮದ ಪ್ರಕಾರ ಹೊಡೆದುಹಾಕಿದೆ.
ಎರಡು ಅವಳ ಬಳಿ ಕಲಿತ ಹುಡುಗನವು,
ಅವನೀಗ ಔಷಧಿ ಕಂಪನಿಯಲ್ಲಿದ್ದಾನೆ, ಬರೆಯುವುದಿಲ್ಲ.
ಒಂದರಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿ
ಮಿಲಾನಿನ ಯಾವನೋ ಮೂಳೆವೈದ್ಯನ ಖಾತೆಗೆ ಜಮೆಯಾಗಿದೆ.
ಒಂದು ಒಸಾಕಾದಿಂದ: ಈ ವಿರಾಮ ಕ್ಯಾಮೆರಾದ ದೋಷವಿರಬಹುದು.
ಉಳಿದದ್ದು ಹೋದ ತಿಂಗಳಿನದು, ಚಿಲಿಯ ದಕ್ಷಿಣದ ತುದಿಯಿಂದ.
ಯಾರೋ ವಿದ್ಯಾರ್ಥಿನಿ, ಮೊದಲ ಪ್ರಬಂಧ, ಬೇರೆ ಜಾತಿಯ ಅರ್ಚಿನ್.
ಮೂವತ್ತೆಂಟು ಸೆಕೆಂಡು.

ಇದನ್ನು ಹೇಳಲೆಂದೇ ಮೆಟ್ಟಿಲಿಳಿದೆ.
ಇಳಿತದ ಹೊತ್ತು. ಬಂಡೆಗಳಿಂದ ಆಗಷ್ಟೇ ಬಂದವಳು
ರಬ್ಬರ್ ಬೂಟಿನೊಳಗಿನ ನೀರು ಸುರಿಯುತ್ತಿದ್ದಳು.
ಒಟ್ಟು ಎಷ್ಟಾಯಿತು ಎಂದು ಕೇಳುತ್ತಾಳೆಂದುಕೊಂಡೆ.
ಕೇಳಿದ್ದು: “ಅಲ್ಲಿಯ ನೀರು ಎಷ್ಟು ಡಿಗ್ರಿ?”

ನಾನದನ್ನು ನೋಡಿರಲಿಲ್ಲ.
ಮತ್ತೆ ಮೇಲೆ ಹತ್ತಿದೆ. ಎರಡನೆಯ ಕೋಷ್ಟಕ, ಅಡಿಟಿಪ್ಪಣಿ: ಆರು.
ಕಿಟಕಿಯಿಂದ ಕೂಗಿ ಹೇಳಿದೆ.
ಒಂದು ಬೂಟು ಕೈಯಲ್ಲಿ ಹಿಡಿದು ನಿಂತೇ ಇದ್ದಳು,
ಒಂದು ಕಾಲು ಬರಿಗಾಲು, ಸುಮಾರು ಹೊತ್ತು.
ಆಮೇಲೆ ಒಳಗಿನಿಂದ
ನೀರಿನ ತೊಟ್ಟಿಯ ಗುಂಡಿಯನ್ನು ಯಾರೋ
ತಂಪಿನ ಕಡೆಗೆ ತಿರುಗಿಸಿದ ಸದ್ದು.

ಸಂಜೆ ನಮೂನೆ ತುಂಬಿದೆ.
ಪ್ರಭಾವ ಎಂಬಲ್ಲಿ ‘ಮಧ್ಯಮ’. ಇದ್ದದ್ದೇ ಮೂರು ಆಯ್ಕೆ.
ಕೊನೆಗೆ ‘ಇತರೆ’ ಎಂಬ ಖಾನೆ, ಕಡ್ಡಾಯವಲ್ಲ.
ಅಲ್ಲಿ ಫಾಂಷ್‌ನ ಹೆಸರು ಹೊಡೆದೆ. ಅವನೀಗ ಬಂದರಿನ ಸಂತೆಯಲ್ಲಿ ಕೂತು
ಗುಲಾಬಿ ಈರುಳ್ಳಿಯ ಜಡೆ ಹೆಣೆಯುತ್ತಾನೆ,
ಈ ಸುದ್ದಿ ಅವನಿಗೆ ಮುಟ್ಟುವುದೂ ಇಲ್ಲ.
ನಮ್ಮ ಬ್ರೆಟನ್ ಬರಹದಲ್ಲಿ ಆ ಹೆಸರಿನ ನಡುವಿನ ಅಕ್ಷರಕ್ಕೆ
ನೆತ್ತಿಯ ಮೇಲೊಂದು ಸಣ್ಣ ಅಲೆ ಇದೆ.
ಗಣಕ ಒಪ್ಪಲಿಲ್ಲ. ಅಮಾನ್ಯ ಅಕ್ಷರ ಎಂದಿತು.
ಮೂರು ಸಲ ಹೊಡೆದು ನೋಡಿ
ಅಲೆ ತೆಗೆದು ಬರೆದೆ.
ಒಪ್ಪಿತು.